ಅಮ್ಮ ಇದ್ದಾಳಲ್ಲ!

1989ರ ಮಾರ್ಚ್ 3ರಂದು ಜಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆಯಲ್ಲಿ ಸಂಸ್ಥಾಪಕರ ದಿನಾಚರಣೆ ನಡೆಯುತ್ತಿದ್ದಾಗ ಚಪ್ಪರಕ್ಕೆ ಬೆಂಕಿ ಹೊತ್ತಿಕೊಂಡಿತು. ಅರವತ್ತು ಜನ ಸತ್ತರು. ಹೆಚ್ಚಿನವರು ಉತ್ಸವ ನೋಡಲು ಬಂದಿದ್ದ ಹೆಂಗಸರು, ಮಕ್ಕಳು. ಪರಿಹಾರದ ವ್ಯಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದಾಗ ನ್ಯಾಯಮೂರ್ತಿಗಳಿಗೆ ಒಂದು ಪ್ರಶ್ನೆ ಎದುರಾಯಿತು: ಸಂಬಳದ ಚೀಟಿಯೇ ಇಲ್ಲದ ಗೃಹಿಣಿ ಸತ್ತರೆ ಆ ಮನೆಗೆ ಆದ ನಷ್ಟವನ್ನು ಎಷ್ಟೆಂದು ಹಿಡಿಯುವುದು? 2001ರ ಆಗಸ್ಟ್‌ನಲ್ಲಿ ಬಂದ ಲತಾ ವಾಧ್ವಾ ಪ್ರಕರಣದ ತೀರ್ಪು 34ರಿಂದ 59 ವಯಸ್ಸಿನ ಗೃಹಿಣಿಯ ಸೇವೆಗೆ ತಿಂಗಳಿಗೆ 3,000 ರೂಪಾಯಿ ಎಂದು ಗೊತ್ತುಮಾಡಿತು. ಅರವತ್ತು ದಾಟಿದ ಅಜ್ಜಿಯರಿಗೆ ವರ್ಷಕ್ಕೆ 20,000.

ಮೋಟಾರು ವಾಹನ ಕಾಯ್ದೆಗೆ 1994ರಲ್ಲಿ ಸೇರಿಸಿದ ಅನುಸೂಚಿ ಇನ್ನೂ ಸುಲಭದ ದಾರಿ ಹಿಡಿದಿತ್ತು. ಸಂಪಾದನೆಯಿಲ್ಲದ ಹೆಂಡತಿಯ ಆದಾಯವೆಂದರೆ ಗಂಡನ ಆದಾಯದ ಮೂರನೇ ಒಂದು ಪಾಲು. ಇಂಜಿನಿಯರನ ಹೆಂಡತಿ ಮಾಡಿದ ಸಾರಿಗೆ ಒಂದು ಬೆಲೆ, ಗುಮಾಸ್ತನ ಹೆಂಡತಿ ಮಾಡಿದ ಸಾರಿಗೆ ಇನ್ನೊಂದು ಎಂದ ಹಾಗಾಯಿತು. 2010ರಲ್ಲಿ ಅರುಣ್ ಕುಮಾರ್ ಅಗರವಾಲ್ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ಜಿ.ಎಸ್. ಸಿಂಘ್ವಿ ಮತ್ತು ಎ.ಕೆ. ಗಂಗೂಲಿ ಈ ಬಗೆಯ ಲೆಕ್ಕವನ್ನೇ ಪ್ರಶ್ನಿಸಿದರು. ಮನೆಗೆಲಸ ಮಾಡುವವರೂ ಸೇರಿ ಸುಮಾರು 36 ಕೋಟಿ ಹೆಂಗಸರನ್ನು 2001ರ ಜನಗಣತಿ ದುಡಿಯದವರ ಗುಂಪಿಗೆ, ಭಿಕ್ಷುಕರು, ಲೈಂಗಿಕ ವೃತ್ತಿಯವರು, ಕೈದಿಗಳ ಸಾಲಿಗೆ ಸೇರಿಸಿದ್ದು ಆ ತೀರ್ಪಿನಿಂದಾಗಿ ದೇಶಕ್ಕೆಲ್ಲ ಗೊತ್ತಾಯಿತು. 2021ರ ಜನವರಿಯಲ್ಲಿ ಕೀರ್ತಿ ಪ್ರಕರಣದ ತೀರ್ಪಿನಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣ 2011ರ ಜನಗಣತಿಯನ್ನು ಮುಂದಿಟ್ಟರು: ಮನೆಗೆಲಸವೇ ತಮ್ಮ ಮುಖ್ಯ ಕೆಲಸ ಎಂದವರಲ್ಲಿ ಹೆಂಗಸರು 15.98 ಕೋಟಿ, ಗಂಡಸರು 57.9 ಲಕ್ಷ. 2024ರ ಫೆಬ್ರವರಿಯ ಇನ್ನೊಂದು ತೀರ್ಪು, ಗೃಹಿಣಿಯ ದುಡಿಮೆಯನ್ನು ದಿನಗೂಲಿಯ ಕನಿಷ್ಠ ವೇತನಕ್ಕಿಂತ ಕಡಿಮೆ ಎಂದು ಹಿಡಿಯುವಂತಿಲ್ಲ ಎಂದಿತು.

ಈ ತೀರ್ಪುಗಳನ್ನು ಒಟ್ಟಿಗೆ ಓದಿದಾಗ ನ್ಯಾಯಾಲಯ ಒಂದೊಂದೇ ಹೆಜ್ಜೆ ಮುಂದೆ ಬಂದದ್ದು ಕಾಣುತ್ತದೆ. ಅದಕ್ಕೆ ಗೌರವ ಸಲ್ಲಲೇಬೇಕು. ಆದರೆ ಮನಸ್ಸನ್ನು ಕೊರೆಯುವ ಸಂಗತಿ ಬೇರೆ ಇದೆ. ಇವೆಲ್ಲ ಅಪಘಾತದಲ್ಲಿ ಸತ್ತ ತಾಯಂದಿರ ಲೆಕ್ಕಗಳು. ಆಕೆ ಬದುಕಿದ್ದಾಗ ಅದೇ ಕೆಲಸಕ್ಕೆ ಮನೆಯೊಳಗೆ ಯಾವ ಲೆಕ್ಕವೂ ಇಲ್ಲ. ‘ನಿಮ್ಮಮ್ಮ ಏನು ಮಾಡ್ತಾರೆ?’ ಎಂದು ಶಾಲೆಯಲ್ಲಿ ಕೇಳಿದರೆ ‘ಏನೂ ಇಲ್ಲ, ಮನೇಲಿರ್ತಾರೆ’ ಎನ್ನುವ ಮಗುವಿಗೆ ಆ ಉತ್ತರವನ್ನು ಯಾರೂ ಕಲಿಸಿಕೊಟ್ಟಿಲ್ಲ. ಮನೆಯವರ ನಡವಳಿಕೆ ನೋಡಿಯೇ ಅದು ಕಲಿತಿದೆ.

ಬದುಕಿರುವ ತಾಯಿಯ ದಿನ ಹೇಗಿರುತ್ತದೆ ಎಂಬುದಕ್ಕೆ ಈಗ ಸರ್ಕಾರದ್ದೇ ದಾಖಲೆ ಇದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶದ ಸುಮಾರು 1.39 ಲಕ್ಷ ಮನೆಗಳಲ್ಲಿ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಹಿಂದಿನ ದಿನ ಬೆಳಗಿನ ಜಾವ ನಾಲ್ಕರಿಂದ ಮರುದಿನ ನಾಲ್ಕರವರೆಗೆ ಪ್ರತಿ ಅರ್ಧ ಗಂಟೆ ಹೇಗೆ ಕಳೆಯಿತೆಂದು ಮನೆಮಂದಿಯನ್ನು ಕೇಳಿ ಬರೆದುಕೊಂಡ ಸಮೀಕ್ಷೆ ಅದು. ಮನೆಯವರಿಗಾಗಿ ಸಂಬಳವಿಲ್ಲದ ಗೃಹಕೃತ್ಯದಲ್ಲಿ ತೊಡಗಿದ ಹೆಂಗಸು ದಿನಕ್ಕೆ 299 ನಿಮಿಷ, ಅಂದರೆ ಒಂದು ನಿಮಿಷ ಕಡಿಮೆ ಐದು ಗಂಟೆ, ಅದಕ್ಕೆ ಕೊಡುತ್ತಿದ್ದಳು. ಗಂಡಸು ಕೊಡುತ್ತಿದ್ದದ್ದು 97 ನಿಮಿಷ. ಆ 97 ನಿಮಿಷ ಕೂಡ ಮನೆಗೆಲಸಕ್ಕೆ ಕೈಹಾಕಿದ ಗಂಡಸರ ಸರಾಸರಿ ಮಾತ್ರ, ಅಂಥವರು ನೂರಕ್ಕೆ 26 ಜನ. ಉಳಿದ ಮುಕ್ಕಾಲು ಪಾಲು ಗಂಡಸರು ಆ ದಿನ ಒಂದು ಲೋಟವನ್ನೂ ತೊಳೆದಿರಲಿಲ್ಲ. ಹೆಂಗಸರಲ್ಲಿ ನೂರಕ್ಕೆ 81 ಮಂದಿ ದುಡಿದಿದ್ದರು. ಮಕ್ಕಳು, ಮುದುಕರು, ಕಾಯಿಲೆಯವರ ಆರೈಕೆಯ ಹೊತ್ತು ಇದರ ಮೇಲೆ ಬೇರೆ.

2024ರಲ್ಲಿ ಅದೇ ಸಮೀಕ್ಷೆ ಮತ್ತೆ ನಡೆಯಿತು. ಹೆಂಗಸರ ಹೊತ್ತು 299ರಿಂದ 289 ನಿಮಿಷಕ್ಕೆ ಇಳಿದದ್ದನ್ನು ಸುಧಾರಣೆಯೆಂದು ಹಲವರು ಕೊಂಡಾಡಿದರು. ಗಂಡಸರ ಅಂಕಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ಆ ಸಂತೋಷ ಉಳಿಯುವುದಿಲ್ಲ. ಅವರದ್ದು 97ರಿಂದ 88ಕ್ಕೆ ಇಳಿದಿದೆ. 2019ರಲ್ಲಿ ಇಬ್ಬರ ನಡುವಿನ ಅಂತರ 202 ನಿಮಿಷ ಇತ್ತು, 2024ರಲ್ಲಿ 201. ನಡುವೆ ಕೋವಿಡ್ ಬಂದು ಹೋಯಿತು, ಗಂಡಸರು ತಿಂಗಳುಗಟ್ಟಲೆ ಮನೆಯಲ್ಲೇ ಕೂತರು, ಅಡುಗೆ ಕಲಿತೆವೆಂದು ಫೋಟೋ ಹಾಕಿದರು. ಅಂತರ ಕರಗಿದ್ದು ಒಂದು ನಿಮಿಷ. ಈ ಇಡೀ ಚರ್ಚೆಯಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವ ಅಂಕಿ ಇದೇ. ಮಿಕ್ಸಿ, ಗ್ಯಾಸು, ವಾಷಿಂಗ್ ಮಷೀನು ತಾಯಿಯ ಮೈನೋವನ್ನು ಖಂಡಿತ ತಗ್ಗಿಸಿವೆ. ಕೆಲಸ ಯಾರ ಪಾಲಿನದು ಎಂಬುದನ್ನು ಅವು ಬದಲಿಸಿಲ್ಲ.

ಸಮೀಕ್ಷೆಯ ಅರ್ಧ ಗಂಟೆಯ ಚೌಕಗಳಿಗೆ ಸಿಗದ ಕೆಲಸವೂ ಒಂದಿದೆ. ಅದು ನೆನಪಿಟ್ಟುಕೊಳ್ಳುವ ಕೆಲಸ. ಸಿಲಿಂಡರ್ ಯಾವಾಗ ಮುಗಿಯಬಹುದು, ಅತ್ತೆಯ ಬಿಪಿ ಮಾತ್ರೆ ಇನ್ನೆಷ್ಟಿದೆ, ಮಗಳ ಶಾಲೆಯಲ್ಲಿ ಯಾವ ದಿನ ಬಿಳಿ ಯೂನಿಫಾರ್ಮು, ಮಾವನ ತಿಥಿ ಯಾವತ್ತು ಬರುತ್ತದೆ, ದೋಸೆಗೆ ನೆನೆಹಾಕಬೇಕಾದದ್ದು ಇಂದೋ ನಾಳೆಯೋ, ರೇಷನ್ ಅಂಗಡಿ ಯಾವತ್ತು ತೆರೆಯುತ್ತದೆ. ಹುಬ್ಬಳ್ಳಿ-ಧಾರವಾಡದಂಥ ಊರುಗಳಲ್ಲಿ ದಿನಗಟ್ಟಲೆ ಕಾದು ನಲ್ಲಿ ನೀರು ಹಿಡಿಯಬೇಕಾದ ಓಣಿಗಳ ತಾಯಂದಿರನ್ನು ಕೇಳಿ ನೋಡಿ. ನೀರು ಬಿಡುವ ಹೊತ್ತಿಗೆ ಅವರ ನಿದ್ದೆ, ಮದುವೆಮನೆ ಓಡಾಟ, ತವರಿನ ಪ್ರಯಾಣ ಎಲ್ಲ ಹೊಂದಿಕೊಂಡಿರುತ್ತವೆ. ಮನೆಯ ಉಳಿದವರಿಗೆ ಕೊಡದಲ್ಲಿ ನೀರಿರುತ್ತದೆ, ಅಷ್ಟೇ. ‘ಅಮ್ಮಾ, ನನ್ನ ಟವೆಲ್ ಎಲ್ಲಿ?’ ಎಂದು ಮೂವತ್ತು ವರ್ಷದ ಮಗ ಬಚ್ಚಲಿನಿಂದ ಕೂಗುತ್ತಾನೆ ಎಂದರೆ ಅವನ ತಲೆಯ ಒಂದು ಭಾಗ ಅಮ್ಮನ ತಲೆಯಲ್ಲೇ ಉಳಿದುಬಿಟ್ಟಿದೆ. ‘ಹೇಳಿದ್ದರೆ ನಾನೇ ತರ್ತಿದ್ದೆನಲ್ಲ’ ಎನ್ನುವ ಗಂಡ ಒಳ್ಳೆಯವನೇ ಇರಬಹುದು. ಹೇಳುವುದೂ ಒಂದು ಕೆಲಸ ಎಂಬುದು ಅವನಿಗೆ ಹೊಳೆದಿಲ್ಲ.

ಈ ಕಾಣದ ದುಡಿಮೆ ದೇಹದಲ್ಲಿ ಕಾಣಿಸಿಕೊಳ್ಳುತ್ತದೆ. ಎಲ್ಲರಿಗೂ ಬಡಿಸಿ, ಪಾತ್ರೆಯ ತಳದಲ್ಲಿ ಉಳಿದದ್ದನ್ನು, ಜೊತೆಗೆ ನಿನ್ನೆಯ ತಂಗಳನ್ನು ತಾನು ಉಣ್ಣುವ ರೂಢಿ ನಮ್ಮಲ್ಲಿ ಜಾತಿ, ಧರ್ಮ ಮೀರಿ ಹಬ್ಬಿದೆ. ಅದನ್ನು ಪುಣ್ಯವೆಂದು ಹಾಡಿದ್ದೇವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಅದೇ ವಯಸ್ಸಿನ ಗಂಡಸರಲ್ಲಿ 25. ಮುಟ್ಟು, ಹೆರಿಗೆ, ಬಡತನ ಹೀಗೆ ಕಾರಣಗಳು ಹಲವು. ಕಡೆಯಲ್ಲಿ ಉಣ್ಣುವುದೂ ಅವುಗಳಲ್ಲೊಂದು. ಮನಸ್ಸಿನ ಮಾತಿಗೆ ಬಂದರೆ ಇನ್ನೂ ಕಠೋರವಾದ ದಾಖಲೆಯಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2021ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ 45,026 ಹೆಂಗಸರಲ್ಲಿ 23,178 ಮಂದಿ ಗೃಹಿಣಿಯರು. ಒಂದೊಂದು ಸಾವಿನ ಹಿಂದೆಯೂ ಬೇರೆ ಬೇರೆ ಕಥೆಯಿರುತ್ತದೆ, ಅವನ್ನೆಲ್ಲ ಮನೆಗೆಲಸದ ತಲೆಗೆ ಕಟ್ಟುವುದು ಸರಿಯಲ್ಲ. ಆದರೂ ‘ಮನೇಲಿ ಆರಾಮಾಗಿರ್ತಾಳೆ’ ಎಂಬ ಮಾತನ್ನು ಈ ಸಂಖ್ಯೆ ನೋಡಿದ ಮೇಲೆ ಆಡಲು ಬಾಯಿ ಬರಬಾರದು. ತ್ರಿವೇಣಿಯವರು ‘ಶರಪಂಜರ’ ಬರೆದು ದಶಕಗಳೇ ಕಳೆದವು. ಮನೋರೋಗದಿಂದ ಗುಣವಾಗಿ ಬಂದ ಕಾವೇರಿಯನ್ನು ಅವಳದೇ ಮನೆ ನಡೆಸಿಕೊಂಡ ರೀತಿ ಓದಿ ಕಣ್ಣೀರು ಹಾಕಿದ ಮನೆಗಳಲ್ಲೇ, ಅಮ್ಮ ಸುಸ್ತು ಎಂದರೆ ‘ಸ್ವಲ್ಪ ಮಲಕ್ಕೋ, ಆಮೇಲೆ ಕಾಫಿ ಮಾಡುವೆಯಂತೆ’ ಎನ್ನುವವರಿದ್ದಾರೆ.

ವಯಸ್ಸಾದ ತಾಯಿಯ ಕಥೆಯನ್ನು ಸ್ವಲ್ಪ ನಿಂತು ನೋಡಬೇಕು. ರಾಜ್ಯ ಸರ್ಕಾರಿ ನೌಕರನಾದ ಗಂಡ ಅರವತ್ತಕ್ಕೆ ನಿವೃತ್ತನಾಗುತ್ತಾನೆ. ಹಾರ, ಶಾಲು, ಭಾಷಣ, ಪಿಂಚಣಿ ಎಲ್ಲ ಇರುತ್ತದೆ. ಅವತ್ತಿನಿಂದ ಹೆಂಡತಿಯ ಕೆಲಸ ಹೆಚ್ಚಾಗುತ್ತದೆ, ಏಕೆಂದರೆ ಮಧ್ಯಾಹ್ನವೂ ಅವನು ಮನೆಯಲ್ಲಿದ್ದಾನೆ, ಹನ್ನೊಂದಕ್ಕೊಂದು ಕಾಫಿ, ನಾಲ್ಕಕ್ಕೊಂದು ಕಾಫಿ. ಅಷ್ಟರಲ್ಲಿ ಬೆಂಗಳೂರಿನ ಮಗನಿಗೋ ಮಗಳಿಗೋ ಮಗುವಾಗುತ್ತದೆ. ಬಾಣಂತನಕ್ಕೆಂದು ಹೋದ ತಾಯಿ ಮಗು ಶಾಲೆಗೆ ಹೋಗುವವರೆಗೂ ಅಲ್ಲೇ ಉಳಿಯುತ್ತಾಳೆ. ಊರಲ್ಲಿ ಅವಳಿಗೆ ಭಜನಾ ಮಂಡಳಿ ಇತ್ತು, ಸ್ವಸಹಾಯ ಸಂಘ ಇತ್ತು, ಜಗಲಿಯ ಮೇಲೆ ಕೂತು ಮಾತಾಡುವ ನೆರೆಯವರಿದ್ದರು. ಇಲ್ಲಿ ಎಂಟನೇ ಮಹಡಿಯ ಬಾಲ್ಕನಿ ಇದೆ. ಮಕ್ಕಳು ಅಮೆರಿಕದಲ್ಲಿದ್ದರೆ ಸಂದರ್ಶಕರ ವೀಸಾದಲ್ಲಿ ಆರು ತಿಂಗಳು ಅಮ್ಮ, ಮುಂದಿನ ಆರು ತಿಂಗಳು ಬೀಗಿತ್ತಿ ಎಂಬ ಏರ್ಪಾಟು ಎಷ್ಟೋ ಕನ್ನಡ ಕುಟುಂಬಗಳಲ್ಲಿ ನಡೆದಿದೆ. ಮೊಮ್ಮಗುವಿನ ಮೇಲಿನ ಪ್ರೀತಿಯನ್ನು ನಾನು ಸಣ್ಣದು ಮಾಡುತ್ತಿಲ್ಲ. ಬಹಳ ಅಜ್ಜಿಯರು ಹಂಬಲಿಸಿಯೇ ಹೋಗುತ್ತಾರೆ. ‘ಬರ್ತೀಯೇನಮ್ಮ, ನಿನಗೆ ಆಗುತ್ತಾ?’ ಎಂದು ಕೇಳಿ ಕರೆಸಿಕೊಂಡವರೆಷ್ಟು, ಟಿಕೆಟ್ ಬುಕ್ ಮಾಡಿ ಹೇಳಿದವರೆಷ್ಟು ಎಂಬುದು ನನ್ನ ಪ್ರಶ್ನೆ. ಆ ಮನೆಗಳಲ್ಲಿ ಮಗು ನೋಡಿಕೊಳ್ಳಲು ಜನ ಇಟ್ಟುಕೊಂಡಿದ್ದರೆ ಅವರಿಗೆ ವಾರಕ್ಕೊಂದು ರಜೆ ಕೊಡಬೇಕಾಗುತ್ತಿತ್ತು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ: ತಾಯಿ ಮಾಡುವುದು ಪ್ರೀತಿಯಿಂದ, ಅದಕ್ಕೆ ಲೆಕ್ಕ ಯಾಕೆ? ಅವಳೇ ಮಗನನ್ನು ಅಡುಗೆಮನೆಗೆ ಬಿಟ್ಟುಕೊಳ್ಳುವುದಿಲ್ಲ, ಮಗ ತಟ್ಟೆ ತೊಳೆಯಲು ಹೋದರೆ ಅವಳೇ ಕಸಿದುಕೊಳ್ಳುತ್ತಾಳೆ, ಸೊಸೆ ಮೇಲೆ ಅದೇ ಹೊರೆ ಹಾಕುತ್ತಾಳೆ. ಇದು ನಿಜ. ಇಡೀ ಬದುಕಿನಲ್ಲಿ ಅಡುಗೆಮನೆಯೊಂದೇ ತನ್ನ ಮಾತು ನಡೆಯುವ ಜಾಗ ಆಗಿದ್ದವಳು ಅದನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಮಗ ಪಾತ್ರೆ ತೊಳೆಯುವುದನ್ನು ನೆಂಟರು ನೋಡಿದರೆ ಮಾತು ಕೇಳಬೇಕಾದವಳೂ ಅವಳೇ, ಅವಳ ಮಗನಲ್ಲ. ಹಾಗಾಗಿ ಅವಳ ನಿರಾಕರಣೆಯನ್ನು ನೆಪ ಮಾಡಿಕೊಂಡು ಸೋಫಾಕ್ಕೆ ಮರಳುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಪ್ರೀತಿಯ ಮಾತಂತೂ ಒಂದೇ ಕಡೆಗೆ ಹರಿಯುತ್ತಿದೆ. ಅಪ್ಪನಿಗೂ ಮಕ್ಕಳ ಮೇಲೆ ಪ್ರೀತಿಯಿದೆ, ಅದಕ್ಕಾಗಿ ಅವನು ಸಂಬಳ ಬೇಡವೆಂದು ಬರೆದುಕೊಡುವುದಿಲ್ಲ.

ತಾಯಿಯನ್ನು ದೇವರು ಮಾಡಿದ ಸಾಹಿತ್ಯ ನಮ್ಮಲ್ಲಿ ಹೇರಳ. ಅದರ ನಡುವೆ ಲಂಕೇಶರ ‘ಅವ್ವ’ ಕವಿತೆ ಇವತ್ತಿಗೂ ಹೊಸದಾಗಿ ಉಳಿದಿರುವುದಕ್ಕೆ ಕಾರಣ, ಅದು ಅವ್ವನನ್ನು ಪುರಾಣದ ಪತಿವ್ರತೆಯರ ಪಕ್ಕ ಕೂರಿಸದೆ ಹೊಲಮನೆಯಲ್ಲಿ ಗೇದ ಹೆಂಗಸಾಗಿ ಕಂಡಿತು. ಹಲಸಂಗಿಯ ಗೆಳೆಯರು ಸಂಗ್ರಹಿಸಿ ಅಚ್ಚು ಹಾಕಿಸಿದ ‘ಗರತಿಯ ಹಾಡು’ಗಳಲ್ಲಿ ಎಷ್ಟೋ ಪದಗಳು ಬೀಸುಕಲ್ಲಿನ ಮುಂದೆ, ನಸುಕಿನಲ್ಲಿ, ತೋಳು ಸೋಲುವ ಹೊತ್ತಿನಲ್ಲಿ ಹುಟ್ಟಿದವು. ನಾವು ಹಾಡನ್ನು ಪಠ್ಯಪುಸ್ತಕಕ್ಕೆ ತಂದೆವು, ಬೀಸಿದ ತೋಳನ್ನು ಮರೆತೆವು.

ಅರ್ಥಶಾಸ್ತ್ರಕ್ಕೂ ಇದೇ ಮರೆವು ಅಂಟಿತ್ತು. ಸಗಣಿ ತಟ್ಟಿ ಕುಳ್ಳು ಮಾಡಿದರೆ ಅದು ರಾಷ್ಟ್ರೀಯ ಉತ್ಪನ್ನದ ಲೆಕ್ಕಕ್ಕೆ ಬರುತ್ತದೆ. ಅದೇ ಕುಳ್ಳಿನ ಉರಿಯಲ್ಲಿ ಮನೆಯವರಿಗೆ ರೊಟ್ಟಿ ಸುಟ್ಟರೆ ಬರುವುದಿಲ್ಲ. ಮನೆ ಬಳಕೆಗೆ ಮಾಡಿಕೊಂಡ ಸರಕು ಉತ್ಪನ್ನ, ಮನೆಯವರಿಗೆ ಮಾಡಿದ ಸೇವೆ ಉತ್ಪನ್ನವಲ್ಲ ಎಂಬುದು ಜಗತ್ತಿನ ದೇಶಗಳೆಲ್ಲ ಅನುಸರಿಸುವ ಲೆಕ್ಕದ ನಿಯಮ. ನ್ಯೂಜಿಲೆಂಡಿನ ಮರಿಲಿನ್ ವೇರಿಂಗ್ 1988ರ ತಮ್ಮ ಪುಸ್ತಕದಲ್ಲಿ ಈ ನಿಯಮವನ್ನು ಬಿಡಿಸಿಟ್ಟ ಮೇಲೆ ಚರ್ಚೆ ಎಲ್ಲೆಡೆ ಬೆಳೆಯಿತು. ನಮ್ಮ ಉದ್ಯೋಗ ಸಮೀಕ್ಷೆಗಳಲ್ಲಿ ಬರೀ ಮನೆಗೆಲಸ ಮಾಡುವವಳಿಗೆ 92 ಎಂಬ ಸಂಕೇತ, ಮನೆಗೆಲಸದ ಜೊತೆ ಸೌದೆ, ಸೊಪ್ಪು, ಮೇವು ತರುವವಳಿಗೆ, ಮನೆಯವರ ಬಟ್ಟೆ ಹೊಲಿಯುವವಳಿಗೆ 93. ಇಬ್ಬರೂ ಶ್ರಮಶಕ್ತಿಯ ಹೊರಗೆ. ಸ್ಟೇಟ್ ಬ್ಯಾಂಕಿನ ಸಂಶೋಧನಾ ವಿಭಾಗ 2023ರಲ್ಲಿ ಹೆಂಗಸರ ಸಂಬಳವಿಲ್ಲದ ದುಡಿಮೆಯ ಬೆಲೆಯನ್ನು ಸುಮಾರು 22.7 ಲಕ್ಷ ಕೋಟಿ ರೂಪಾಯಿ, ಅಂದರೆ ದೇಶದ ಒಟ್ಟು ಉತ್ಪನ್ನದ ಶೇ 7.5ರಷ್ಟು ಎಂದು ಅಂದಾಜಿಸಿತು.

ಹಾಗಾದರೆ ಸಂಬಳ ಕೊಡೋಣವೇ? 1972ರಲ್ಲಿ ಇಟಲಿಯಲ್ಲಿ ಮರಿಯಾರೋಸಾ ದಲ್ಲಾ ಕೋಸ್ತಾ, ಸೆಲ್ಮಾ ಜೇಮ್ಸ್, ಸಿಲ್ವಿಯಾ ಫೆಡೆರಿಚಿ ಮೊದಲಾದವರು ಮನೆಗೆಲಸಕ್ಕೆ ಕೂಲಿ ಕೇಳುವ ಚಳವಳಿ ಹೂಡಿದರು. ಕೂಲಿ ಕೊಟ್ಟರೆ ಹೆಂಗಸು ಒಲೆಗೇ ಕಟ್ಟಿಬೀಳುತ್ತಾಳೆ ಎಂಬ ವಾದ ಆಗಲೇ ಎದ್ದಿತು. ನಮ್ಮಲ್ಲಿ ಕೂಲಿಯ ಮಾತು ಬೇರೆ ರೂಪದಲ್ಲಿ ಬಂದಿದೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿ ಯೋಜನೆ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಹಾಕುತ್ತದೆ. ತಮಿಳುನಾಡು ಅದೇ ವರ್ಷದ ಸೆಪ್ಟೆಂಬರಿನಲ್ಲಿ 1,000 ರೂಪಾಯಿಯ ಯೋಜನೆ ತಂದಿತು. ಹಣ ಅತ್ತೆಗೋ ಸೊಸೆಗೋ ಎಂಬ ಜಗಳವೇ ಕರ್ನಾಟಕದಲ್ಲಿ ಸುದ್ದಿಯಾಯಿತು. ಆದರೆ ಮಗನ ಮುಂದೆ ಕೈಚಾಚದೆ ಔಷಧಿ ಕೊಂಡ, ಚೀಟಿ ಹಾಕಿದ, ಮೊಮ್ಮಕ್ಕಳಿಗೆ ಹಬ್ಬದ ಬಟ್ಟೆ ತಂದ ತಾಯಂದಿರಿಗೆ ಆ ಹಣದ ತೂಕ ಗೊತ್ತು. ನಾನು ಈ ಯೋಜನೆಯ ಪರ. ಅದು ಆಕೆಯ ದಿನದಿಂದ ಒಂದು ನಿಮಿಷದ ಕೆಲಸವನ್ನೂ ಇಳಿಸಿಲ್ಲ ಎಂಬುದನ್ನೂ ಹೇಳಲೇಬೇಕು.

ಹೊತ್ತಿನ ಮಟ್ಟಿಗೆ ‘ಶಕ್ತಿ’ ಯೋಜನೆ ಹೆಚ್ಚು ಹೇಳುತ್ತದೆ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದಾಗ ಧರ್ಮಸ್ಥಳ, ಕುಕ್ಕೆ, ಮಲೆ ಮಹದೇಶ್ವರ ಬೆಟ್ಟದ ಬಸ್ಸುಗಳು ತುಂಬಿ ತುಳುಕಿದವು. ಮೊದಲು ಕೇಳಿಬಂದ ಲೇವಡಿ ಯಾವುದು ನೆನಪಿದೆಯೇ? ‘ಹೆಂಗಸರೆಲ್ಲ ತಿರುಗಾಟಕ್ಕೆ ಹೊರಟರೆ ಮನೇಲಿ ಅಡುಗೆ ಮಾಡೋರು ಯಾರು?’ ಮದುವೆಯಾದಂದಿನಿಂದ ಯಾರ ಜೊತೆಗೂ ಹಾಯಾಗಿ ಎರಡು ದಿನ ಹೊರಗೆ ಹೋಗದ ಹೆಂಗಸು ಕಿಟಕಿ ಪಕ್ಕ ಕೂತದ್ದು ಕೆಲವರಿಗೆ ಹೊಟ್ಟೆಪಾಡಿನ ಬಿಕ್ಕಟ್ಟಾಗಿ ಕಂಡಿತು. ಈ ಬಿಕ್ಕಟ್ಟು ಹೊಸದಲ್ಲ: 1975ರ ಅಕ್ಟೋಬರ್ 24ರಂದು ಐಸ್‌ಲೆಂಡಿನ ಹೆಂಗಸರಲ್ಲಿ ನೂರಕ್ಕೆ ತೊಂಬತ್ತರಷ್ಟು ಮಂದಿ ಮನೆಗೆಲಸವನ್ನೂ ಕಚೇರಿ ಕೆಲಸವನ್ನೂ ಒಂದು ದಿನ ನಿಲ್ಲಿಸಿದಾಗ ಅಲ್ಲಿನ ಎಷ್ಟೋ ಗಂಡಸರು ಮಕ್ಕಳನ್ನು ಎತ್ತಿಕೊಂಡೇ ಕೆಲಸಕ್ಕೆ ಹೋಗಬೇಕಾಯಿತು.

ಎಲ್ಲ ತಾಯಂದಿರ ಹೊರೆ ಒಂದೇ ತೂಕದ್ದಲ್ಲ ಎಂಬುದನ್ನು ಈ ಚರ್ಚೆ ಮರೆಯುವುದುಂಟು. ಅನುಕೂಲಸ್ಥ ಮನೆಯ ತಾಯಿ ತನ್ನ ಕೆಲಸದ ಒಂದು ಪಾಲನ್ನು ಕೆಲಸದಾಕೆಗೆ ದಾಟಿಸುತ್ತಾಳೆ. ಕೆಲಸದಾಕೆ ನಾಲ್ಕು ಮನೆಯ ಪಾತ್ರೆ ತೊಳೆದು ಹೋಗಿ ಐದನೆಯದಾಗಿ ತನ್ನ ಮನೆಯದ್ದನ್ನು ತೊಳೆಯುತ್ತಾಳೆ, ಇಲ್ಲವೇ ಅವಳ ಸಣ್ಣ ಮಗಳು ತೊಳೆಯುತ್ತಾಳೆ. ಮನೆಗೆಲಸದವರಿಗೆ 2004ರಲ್ಲೇ ಕನಿಷ್ಠ ವೇತನ ಗೊತ್ತುಮಾಡಿದ ರಾಜ್ಯ ನಮ್ಮದು. ಅದೇ ರಾಜ್ಯದಲ್ಲಿ ಶಾಲೆಯ ಬಿಸಿಯೂಟ ಮಾಡುವ ತಾಯಂದಿರಿಗೂ ಅಂಗನವಾಡಿ ಕಾರ್ಯಕರ್ತೆಯರಿಗೂ ಸಿಗುವುದು ಸಂಬಳವಲ್ಲ, ಗೌರವಧನ. ಅದನ್ನು ಹೆಚ್ಚಿಸಿ ಎಂದು ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮತ್ತೆ ಮತ್ತೆ ಬಂದು ಕೂರಬೇಕಾಗಿದೆ. ಮನೆಯೊಳಗೆ ಅಡುಗೆಯನ್ನು ಕೆಲಸವೆಂದು ಕಾಣದವರಿಗೆ ಹೊರಗೆ ನೂರು ಮಕ್ಕಳಿಗೆ ಬೇಯಿಸುವುದೂ ಸೇವೆಯಾಗಿಯೇ ಕಾಣುತ್ತದೆ.

ಹೆಂಡತಿ ಬದುಕಿರುವಾಗಲೇ ಆಕೆಯ ದುಡಿಮೆಯ ಲೆಕ್ಕ ಹಿಡಿದ ಒಂದು ತೀರ್ಪು ಇದೆ, ಅದು ಬೆಳೆಯಬೇಕು. 2023ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಕೃಷ್ಣನ್ ರಾಮಸಾಮಿ, ಗಂಡ ಹೊರಗೆ ದುಡಿದು ಕೊಂಡ ಆಸ್ತಿಯ ಹಿಂದೆ ಮನೆ ನಡೆಸಿದ ಹೆಂಡತಿಯ ದುಡಿಮೆಯೂ ಇದೆ, ಅದರಲ್ಲಿ ಅವಳಿಗೆ ಸಮಪಾಲು ಉಂಟು ಎಂದರು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಡುವ ತಿದ್ದುಪಡಿಯನ್ನು ಕೇಂದ್ರಕ್ಕಿಂತ ಹನ್ನೊಂದು ವರ್ಷ ಮೊದಲು, 1994ರಲ್ಲೇ ತಂದ ಕರ್ನಾಟಕ, ಮನೆಯ ತಾಯಿಗೆ ವೈವಾಹಿಕ ಆಸ್ತಿಯಲ್ಲಿ ಪಾಲು ಕೊಡುವ ಕಾನೂನಿನಲ್ಲೂ ಮುಂದೆ ನಿಲ್ಲಬಹುದು. ಅಲ್ಲಿಯವರೆಗೆ ಸೈಟು ಕೊಳ್ಳುವವರು ಕ್ರಯಪತ್ರದಲ್ಲಿ ಅವಳ ಹೆಸರನ್ನೂ ಬರೆಸಲು ಕಾನೂನಿನ ಅಡ್ಡಿಯೇನೂ ಇಲ್ಲ.

ಇಷ್ಟನ್ನೆಲ್ಲ ನೋಡಿದ ಮೇಲೆ ನನಗೆ ತೋರುವುದಿಷ್ಟು. ತಾಯಂದಿರ ದಿನದ ಕೇಕಿನಿಂದ, ಸ್ಟೇಟಸ್ಸಿಗೆ ಹಾಕಿದ ಫೋಟೋದಿಂದ ಆ 201 ನಿಮಿಷದ ಅಂತರ ಇಳಿಯುವುದಿಲ್ಲ. ಬೆಳೆದ ಮಗ, ಮನೆಯಲ್ಲಿರುವ ಗಂಡ ‘ಸಹಾಯ’ ಮಾಡುವ ಮಾತು ಬಿಟ್ಟು ಒಂದು ಪೂರ್ತಿ ಕೆಲಸವನ್ನು ತಮ್ಮದು ಮಾಡಿಕೊಳ್ಳಬೇಕು. ರಾತ್ರಿ ಊಟ ನಿಮ್ಮದು ಎಂದಾದರೆ ಏನು ಮಾಡಬೇಕೆಂದು ಯೋಚಿಸುವುದು, ತರಕಾರಿ ತರುವುದು, ಬೇಯಿಸುವುದು, ಒಲೆಕಟ್ಟೆ ಒರೆಸಿ ಮಲಗುವುದು ಎಲ್ಲವೂ ನಿಮ್ಮದೇ. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಅವಳನ್ನು ಕೇಳಬಾರದು.

2027ರ ಫೆಬ್ರವರಿಯಲ್ಲಿ ಜನಗಣತಿಯವರು ಮನೆಮನೆಗೆ ಬರಲಿದ್ದಾರೆ. ಸಾಮಾನ್ಯವಾಗಿ ಉತ್ತರ ಹೇಳುವವನು ಮನೆಯ ಗಂಡಸು. ಹಿಂದಿನ ಗಣತಿಗಳ ನಿಯಮದಲ್ಲಿ ಮನೆ ಬಳಕೆಗೆಂದೇ ಹಾಲು ಉತ್ಪಾದಿಸುವವರೂ ದುಡಿಯುವವರ ಲೆಕ್ಕಕ್ಕೆ ಸೇರುತ್ತಿದ್ದರು. ಆದರೂ ಹಸು ಕರೆಯುವ, ಹೊಲದಲ್ಲಿ ಕಳೆ ತೆಗೆಯುವ, ಹಪ್ಪಳ ಮಾಡಿ ಮಾರುವ ಲಕ್ಷಾಂತರ ತಾಯಂದಿರ ಹೆಸರಿನ ಮುಂದೆ ಒಂದೇ ಮಾತಿನಲ್ಲಿ ‘ಮನೆಗೆಲಸ’ ಎಂದು ಬರೆಸಿ ಕಳಿಸಿದ್ದೇವೆ. ಈ ಸಲ ಗಣತಿದಾರರು ಬಾಗಿಲಿಗೆ ಬಂದಾಗ ದಯವಿಟ್ಟು ಅಮ್ಮನನ್ನು ಹೊರಗೆ ಕರೆಯಿರಿ. ಆಕೆ ಏನು ಕೆಲಸ ಮಾಡುತ್ತಾಳೆಂಬ ಪ್ರಶ್ನೆಗೆ ಆಕೆಯೇ ಉತ್ತರ ಹೇಳಲಿ. ಆಕೆ ಹೇಳಿದ್ದನ್ನೇ ಬರೆದುಕೊಳ್ಳಲಿ.